ನೆಲ ನಿಜವಾಗಿಯೂ ಡೊಂಕಾಗಿದ್ದರೆ?

2024ರ ಜೂನ್ ಕೊನೆಯ ವಾರ. ಬಿತ್ತನೆ ಬೀಜಕ್ಕೆ ರೈತರು ಸಾಲು ನಿಂತ ಸುದ್ದಿ ಕಳಿಸಿ, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗನ ಫೋನ್ ಬಂತು.

"ಮಾಮಾ, ಮೂರು ದಿನದಿಂದ ಒಬ್ಬನ ಕೈಯಾಗ ಸಾಯಾಕತ್ತೀನಿ" ಅಂದ.

ನನ್ನ ಎದೆ ಧಸಕ್ಕೆಂದಿತು. ರೂಮಿನಲ್ಲಿ ಏನೋ ಜಗಳ, ಯಾರೋ ಹೊಡೆಯುತ್ತಿದ್ದಾರೆ ಅಂದುಕೊಂಡೆ. ಎರಡು ನಿಮಿಷ ಮಾತಾಡಿದ ಮೇಲೆ ಗೊತ್ತಾಯಿತು, ಹುಡುಗ ಸಾಯುತ್ತಿದ್ದದ್ದು ವಿಡಿಯೋ ಗೇಮಿನಲ್ಲಿ. ನಾಲ್ಕು ಜನ ಗೆಳೆಯರು ಪಟ್ಟಿ ಹಾಕಿ ಒಂದು ಆಟದ ಹೊಸ ಭಾಗ ಕೊಂಡಿದ್ದರು. ಅದರಲ್ಲಿ ಎದುರಿಗೆ ಬಂದ ರಾಕ್ಷಸ ಎರಡೇ ಏಟಿಗೆ ಇವರನ್ನು ಮಲಗಿಸುತ್ತಿದ್ದ.

"ವಿಮರ್ಶೆ ಬರೆಯೋರೆಲ್ಲ 100ಕ್ಕ 95 ಕೊಟ್ಟಾರ. ನಮಗ ನೋಡಿದ್ರ ಆಡಾಕ ಆಗವಲ್ಲದು. ನಾವು ದಡ್ಡರೋ, ಅವರು ಸುಳ್ಳು ಬರದಾರೋ? ನೀನೂ ಪೇಪರ್‌ನಾವ ಅಲ್ಲ, ಹೇಳು" ಅಂದ.

ನಾನು ನಕ್ಕು ಗಾದೆ ಹೇಳಿದೆ. "ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದಿದ್ಲಂತ." ಫೋನ್ ಇಟ್ಟೆ.

ಆ ವಾರ ಮುಗಿಯುವ ಮೊದಲೇ ಹುಡುಗನಿಂದ ಮೆಸೇಜ್ ಬಂತು. ಆಟ ಮಾಡಿದ ಕಂಪನಿಯೇ ಲೆಕ್ಕ ಬದಲಿಸಿ, ಆಟವನ್ನು ಒಂದಿಷ್ಟು ಹಗುರ ಮಾಡಿತ್ತು. ಮೆಸೇಜಿನ ಕೊನೆಗೆ ಒಂದೇ ಸಾಲು: "ಮಾಮಾ, ನೆಲ ಡೊಂಕಿತ್ತು."

ಆ ಸಾಲು ನನ್ನನ್ನು ಬಿಡಲಿಲ್ಲ. ಆ ಆಟಕ್ಕೆ ವಿಮರ್ಶಕರು ಏನು ಹೇಳಿದರು, ಆಟಗಾರರು ಏನು ಹೇಳಿದರು, ಕಂಪನಿ ಏನು ಮಾಡಿತು ಅಂತ ಕೂತು ಓದಿದೆ. ಓದಿದಷ್ಟೂ ಇದು ಆಟದವರ ಮಾತಷ್ಟೇ ಅಲ್ಲ, ದೂರು ಹೇಳುವವರು ಮತ್ತು ದೂರು ಕೇಳಿಸಿಕೊಳ್ಳುವವರ ಮಾತು ಅನ್ನಿಸಿತು. ನಾನು ಎರಡನೇ ಗುಂಪಿನವನು. ಅದಕ್ಕೇ ಬರೆಯುತ್ತಿದ್ದೇನೆ.

ಏನಿದು ಆಟ?

ಆಟದ ಹೆಸರು ಎಲ್ಡನ್ ರಿಂಗ್. ಮಾಡಿದ್ದು ಜಪಾನಿನ ಟೋಕಿಯೊದ ಫ್ರಮ್‌ಸಾಫ್ಟ್‌ವೇರ್ ಕಂಪನಿ. ನಿರ್ದೇಶಕ ಹಿದೆತಾಕಾ ಮಿಯಾಜಾಕಿ. ಆ ಲೋಕದ ಪುರಾಣದ ಭಾಗ ಬರೆದುಕೊಟ್ಟವರು 'ಗೇಮ್ ಆಫ್ ಥ್ರೋನ್ಸ್' ಕಥೆಯ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್. 2022ರ ಫೆಬ್ರುವರಿ 25ರಂದು ಬಿಡುಗಡೆಯಾಯಿತು. ಎರಡು ವರ್ಷ ಕಳೆಯುವುದರೊಳಗೆ ಎರಡು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು.

ಇದು ನಮ್ಮ ಫೋನಿನಲ್ಲಿ ಆಡುವ ಬಿಜಿಎಂಐ, ಫ್ರೀ ಫೈರ್ ಥರದ್ದಲ್ಲ. ಒಳ್ಳೆಯ ಕಂಪ್ಯೂಟರೋ, ಪ್ಲೇಸ್ಟೇಷನ್ ಥರದ ಯಂತ್ರವೋ ಬೇಕು. ದೊಡ್ಡ ಲೋಕ, ಕುದುರೆ ಏರಿ ತಿರುಗಬೇಕು, ಎದುರಾಗುವ ರಾಕ್ಷಸರನ್ನು ಸೋಲಿಸಬೇಕು. ಸತ್ತರೆ ಮತ್ತೆ ಹಿಂದಿನಿಂದ ಶುರು. ಕಷ್ಟವೇ ಇದರ ಹೆಸರುವಾಸಿ. ಆಟದಲ್ಲಿ 'ಸುಲಭ', 'ಕಠಿಣ' ಅಂತ ಆರಿಸಿಕೊಳ್ಳುವ ಗುಂಡಿ ಇಲ್ಲ. ಎಲ್ಲರಿಗೂ ಒಂದೇ ನೆಲ.

ಇಂಥ ಆಟ ಗೆದ್ದ ಮೇಲೆ ಕಂಪನಿಗಳು ಅದಕ್ಕೊಂದು ಹೆಚ್ಚುವರಿ ಭಾಗ ಮಾಡಿ ಬೇರೆ ದುಡ್ಡಿಗೆ ಮಾರುತ್ತವೆ. ಇದ್ದ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿದ ಹಾಗೆ. ಇಂಗ್ಲಿಷಿನಲ್ಲಿ ಎಕ್ಸ್‌ಪಾನ್ಷನ್ ಅನ್ನುತ್ತಾರೆ, ಹುಡುಗರು ಡಿಎಲ್‌ಸಿ ಅನ್ನುತ್ತಾರೆ. ನಾವು ವಿಸ್ತರಣೆ ಅನ್ನೋಣ. ಎಲ್ಡನ್ ರಿಂಗ್‌ನ ವಿಸ್ತರಣೆ 'ಶ್ಯಾಡೋ ಆಫ್ ದಿ ಅರ್ಡ್‌ಟ್ರೀ' 2024ರ ಜೂನ್ 21ರಂದು ಬಂತು. ಬೆಲೆ ಸುಮಾರು 40 ಡಾಲರ್. ಆಗಿನ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಯ ಮೇಲೆ. ಮೊದಲ ಮೂರೇ ದಿನದಲ್ಲಿ 50 ಲಕ್ಷ ಪ್ರತಿ ಹೋಯಿತು.

ಈ ಮೇಲಂತಸ್ತಿಗೆ ಮೆಟ್ಟಿಲೂ ಸುಲಭದ್ದಲ್ಲ. ಹಳೆಯ ಆಟದ ಇಬ್ಬರು ದೊಡ್ಡ ರಾಕ್ಷಸರನ್ನು, ಅಂದರೆ ರಡಾನ್ ಮತ್ತು ಮೋಗ್ ಎಂಬುವರನ್ನು ಸೋಲಿಸಿದವರಿಗೆ ಮಾತ್ರ ಒಳಗೆ ಪ್ರವೇಶ. ದುಡ್ಡು ಕೊಟ್ಟರೂ ಮೋಗ್ ಸೋಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಒಳಗೆ ಹೋದವರು ಯಾರೂ ಹೊಸಬರಲ್ಲ. ಎಲ್ಲರೂ ಒಂದು ಸಲ ಗೆದ್ದು ಬಂದವರೇ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

95 ಮತ್ತು 'ಮಿಶ್ರ'

ಬಿಡುಗಡೆಗೆ ಕೆಲ ದಿನ ಮೊದಲೇ ವಿಮರ್ಶೆಗಳು ಬಂದವು. ಅವುಗಳ ಸರಾಸರಿ ಅಂಕ 100ಕ್ಕೆ 95ರ ಆಸುಪಾಸು. ವಿಸ್ತರಣೆಗಳ ಚರಿತ್ರೆಯಲ್ಲೇ ಇದು ಮೇಲಿನ ಸಾಲಿನ ಅಂಕ. ಮೇರುಕೃತಿ ಅಂದವರು ಬಹಳ.

ಬಿಡುಗಡೆಯ ದಿನ ಆಟಗಾರರು ಬಂದರು. ಕಂಪ್ಯೂಟರ್ ಆಟಗಳನ್ನು ಮಾರುವ ದೊಡ್ಡ ಅಂಗಡಿ ಸ್ಟೀಮ್. ಕೊಂಡವರು ಅಲ್ಲೇ ಅಭಿಪ್ರಾಯ ಹಾಕಬಹುದು. ಮೊದಲ ದಿನಗಳಲ್ಲಿ ಅಲ್ಲಿ ಈ ವಿಸ್ತರಣೆಯ ಪಕ್ಕ ಬಿದ್ದ ಹಣೆಪಟ್ಟಿ 'ಮಿಕ್ಸ್ಡ್', ಅಂದರೆ ಮಿಶ್ರ. ಮೆಚ್ಚಿದವರು ನೂರಕ್ಕೆ ಅರವತ್ತರ ಆಸುಪಾಸು.

ಒಂದು ಕಡೆ 95, ಇನ್ನೊಂದು ಕಡೆ ಅರವತ್ತು. ಕೂಡಲೇ ಎರಡು ಪಂಗಡ ಹುಟ್ಟಿದವು. ವಿಮರ್ಶಕರು ದುಡ್ಡು ತಿಂದು ಬರೆದಿದ್ದಾರೆ ಅಂತ ಒಂದು ಪಂಗಡ. ಆಡಲು ಬಾರದವರು ಅಳುತ್ತಿದ್ದಾರೆ ಅಂತ ಇನ್ನೊಂದು. ನಾನು ಫೋನಿನಲ್ಲಿ ಗಾದೆ ಹೇಳಿ ಎರಡನೇ ಪಂಗಡ ಸೇರಿದ್ದೆ, ನನಗೇ ಗೊತ್ತಿಲ್ಲದೆ.

ಮೊದಲು ಅಂಕದ ಲೆಕ್ಕ ನೋಡೋಣ, ಏಕೆಂದರೆ ಅರ್ಧ ಜಗಳ ಅಲ್ಲೇ ಇದೆ.

ಮೆಟಾಕ್ರಿಟಿಕ್ ಎಂಬ ತಾಣ ವಿಮರ್ಶಕರು ಕೊಟ್ಟ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುತ್ತದೆ. ಒಬ್ಬರು 90, ಒಬ್ಬರು 100 ಕೊಟ್ಟರೆ ನಡುವಿನದ್ದು ಬರುತ್ತದೆ. ಅದರಲ್ಲೂ ಎಲ್ಲ ಪತ್ರಿಕೆಗೆ ಒಂದೇ ತೂಕ ಇರುವುದಿಲ್ಲ. ಯಾರಿಗೆ ಎಷ್ಟು ತೂಕ ಎಂದು ಅವರು ಹೇಳುವುದೂ ಇಲ್ಲ.

ಸ್ಟೀಮ್‌ನಲ್ಲಿ ಅಂಕವೇ ಇಲ್ಲ. ಹೆಬ್ಬೆರಳು ಮೇಲೆ, ಇಲ್ಲ ಕೆಳಗೆ. ಅಷ್ಟೇ. ನೂರರಲ್ಲಿ ಎಷ್ಟು ಜನ ಮೇಲೆ ತೋರಿಸಿದರು ಅನ್ನುವುದೇ ಶೇಕಡಾ. ಅದು 40ರಿಂದ 69ರ ನಡುವೆ ಇದ್ದರೆ 'ಮಿಶ್ರ' ಎಂಬ ಪಟ್ಟಿ. 70 ದಾಟಿದರೆ ಬೇರೆ ಪಟ್ಟಿ, 80 ದಾಟಿದರೆ ಇನ್ನೊಂದು.

ಅಂದರೆ ಅರವತ್ತು ಅನ್ನುವುದು ಆಟಕ್ಕೆ ಬಿದ್ದ ಅಂಕವಲ್ಲ. 'ಆಟ ಅದ್ಭುತ, ಆದರೆ ನನ್ನ ಕಂಪ್ಯೂಟರಿನಲ್ಲಿ ತಡೆದು ತಡೆದು ಓಡುತ್ತಿದೆ' ಅಂತ ಬರೆದವನೂ ಹೆಬ್ಬೆರಳು ಕೆಳಗೇ ತೋರಿಸಿದ. 'ಇದೊಂದು ಕಸ' ಅಂದವನೂ ಕೆಳಗೇ ತೋರಿಸಿದ. ಇಬ್ಬರೂ ಒಂದೇ ಲೆಕ್ಕಕ್ಕೆ ಸೇರಿದರು. ಗ್ರಾಮಸಭೆಯಲ್ಲಿ ಕೈ ಎತ್ತಿಸಿ ಎಣಿಸಿದ ಹಾಗೆ. ಎಷ್ಟು ಕೈ ಅಂತ ಗೊತ್ತಾಗುತ್ತದೆ, ಯಾಕೆ ಎತ್ತಿದರು ಅಂತ ಗೊತ್ತಾಗುವುದಿಲ್ಲ.

ವಿಮರ್ಶಕರ ಕಡೆಯೂ ಹಾಗೇ. ಆಟ ಬಹಳ ಕಷ್ಟ ಅಂತ ಅವರಲ್ಲಿ ಎಷ್ಟೋ ಜನ ಬರೆದಿದ್ದರು. ಆದರೆ ಓದುಗರ ಕಣ್ಣಿಗೆ ಬಿದ್ದದ್ದು ಮೇಲಿನ ದೊಡ್ಡ ಅಂಕ. ಒಳಗಿನ ಮಾತನ್ನು ಅಂಕ ನುಂಗಿತು. ಹಾಗಾಗಿ ಅಂಕ ಬಿಟ್ಟು ದೂರುಗಳನ್ನೇ ಒಂದೊಂದಾಗಿ ನೋಡಬೇಕು.

ಮೊದಲ ದೂರು: ಓಡುತ್ತಿಲ್ಲ

ಕಂಪ್ಯೂಟರಿನಲ್ಲಿ ಆಡುವವರು ಆಟ ತಡೆಯುತ್ತದೆ, ಚಿತ್ರ ಜಿಗಿಯುತ್ತದೆ ಅಂದರು. ಕಣ್ಣು ಮಿಟುಕಿಸುವುದರೊಳಗೆ ತಪ್ಪಿಸಿಕೊಳ್ಳಬೇಕಾದ ಆಟದಲ್ಲಿ ಚಿತ್ರ ಒಂದು ಕ್ಷಣ ನಿಂತರೆ ಸಾವು ಖಚಿತ. ಇವರಿಗೆ ಸಿಕ್ಕ ಉತ್ತರ ನೀವೂ ಊಹಿಸಬಹುದು: ಒಳ್ಳೆ ಕಂಪ್ಯೂಟರ್ ತಗೋ.

ಜೂನ್ 26ರಂದು, ಬಿಡುಗಡೆಯಾಗಿ ಐದೇ ದಿನಕ್ಕೆ, ಕಂಪನಿ ಒಂದು ತಿದ್ದುಪಡಿ ಬಿಟ್ಟಿತು. ಅದರ ಟಿಪ್ಪಣಿಯಲ್ಲಿ ಒಂದು ಮಾತಿತ್ತು. ರೇ ಟ್ರೇಸಿಂಗ್ ಅಂತ ಒಂದು ಸೌಲಭ್ಯ ಇದೆ, ಬೆಳಕು ನೆರಳು ಚೆನ್ನಾಗಿ ಕಾಣಲಿ ಅಂತ. ಅದು ಕಂಪ್ಯೂಟರಿಗೆ ಬಹಳ ಭಾರ. ಹಳೆಯ ಆಟದ ದಾಖಲೆ ತೆರೆದಾಗ ಕೆಲವರಲ್ಲಿ ಈ ಸೌಲಭ್ಯ ತಾನಾಗಿಯೇ ಚಾಲೂ ಆಗುತ್ತಿತ್ತು. ಆಡುವವನು ಒತ್ತಿಲ್ಲ, ಕೇಳಿಲ್ಲ. ಅದನ್ನು ಸರಿಪಡಿಸಿದ್ದೇವೆ, ಆಟ ತಡೆಯುತ್ತಿದ್ದರೆ ಒಮ್ಮೆ ನೋಡಿಕೊಳ್ಳಿ ಅಂತ ಕಂಪನಿಯೇ ಹೇಳಿತು.

ತಡೆದ ಎಲ್ಲ ಕಂಪ್ಯೂಟರಿಗೂ ಇದೇ ಕಾರಣ ಅಲ್ಲ. ಆದರೆ ಕೆಲವರ ಮಟ್ಟಿಗಾದರೂ, ಮೂರು ಸಾವಿರ ಕೊಟ್ಟವನಿಗೆ 'ಇನ್ನೂ ಐವತ್ತು ಸಾವಿರ ಹಾಕಿ ಕಂಪ್ಯೂಟರ್ ತಗೋ' ಅಂದ ಬುದ್ಧಿಮಾತು ಪೂರಾ ತಪ್ಪಾಗಿತ್ತು. ತಪ್ಪು ಇದ್ದದ್ದು ಆಟದ ಒಳಗೆ.

ಎರಡನೇ ದೂರು: ಅತಿ ಕಷ್ಟ

ಇಲ್ಲಿ ವಿಷಯ ಸ್ವಲ್ಪ ಗಂಟು. ನಿಧಾನಕ್ಕೆ ಬಿಡಿಸೋಣ.

ಹಳೆಯ ಆಟದಲ್ಲಿ ಶತ್ರುಗಳನ್ನು ಕೊಂದರೆ ಸಿಗುವ ಗಳಿಕೆಯಿಂದ ನಿಮ್ಮ ಪಾತ್ರದ ಮಟ್ಟ ಏರಿಸಬಹುದು. ನೂರು ಗಂಟೆ ಆಡಿದವನ ಪಾತ್ರ ಬಲಭೀಮ ಆಗಿರುತ್ತದೆ. ಆ ಬಲಭೀಮ ಹೊಸ ಅಂತಸ್ತಿಗೆ ಬಂದರೆ ಅಲ್ಲಿನ ಶತ್ರುಗಳು ಇರುವೆ ಆಗಿಬಿಡುತ್ತಾರಲ್ಲ? ಅದನ್ನು ತಡೆಯಲು ಕಂಪನಿ ಬೇರೆ ಲೆಕ್ಕ ಇಟ್ಟಿತು. ಹೊಸ ಜಾಗದಲ್ಲಿ ಹಳೆಯ ಬಲ ಅಷ್ಟಾಗಿ ಸಾಲುವುದಿಲ್ಲ. ಅಲ್ಲಲ್ಲಿ ಅಡಗಿಸಿಟ್ಟ ಸ್ಕಾಡುಟ್ರೀ ಎಂಬ ಮರದ ಚೂರುಗಳನ್ನು ಹುಡುಕಿ ತಂದು ಅರ್ಪಿಸಿದರೆ ಒಂದು ಆಶೀರ್ವಾದದ ಬಲ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಟ್ಟು 20 ಮೆಟ್ಟಿಲು. ಏರಿದಷ್ಟೂ ನಿಮ್ಮ ಏಟು ಜೋರು, ಅವರ ಏಟು ಮೆತ್ತಗೆ.

ಲೆಕ್ಕ ಚೆನ್ನಾಗಿದೆ. ಸುತ್ತಾಡಿದವನಿಗೆ ಫಲ. ಆದರೆ ಬಹಳ ಮಂದಿ ಹಳೆಯ ಅಭ್ಯಾಸದಲ್ಲಿ ನೇರ ರಾಕ್ಷಸನ ಎದುರಿಗೇ ಹೋದರು, ಚೂರು ಹುಡುಕಲಿಲ್ಲ, ಸತ್ತರು. ಆಟ ಮಾರಿದ ಬಂದಾಯ್ ನಾಮ್ಕೋ ಕಂಪನಿಯೂ ಆ ಆಶೀರ್ವಾದ ಏರಿಸಿಕೊಳ್ಳಿ ಅಂತ ಆಟಗಾರರಿಗೆ ನೆನಪು ಮಾಡಿತು. ನಮ್ಮ ಹುಡುಗನನ್ನೂ ಕೇಳಿದೆ. ಆ ಚೂರುಗಳ ಕಡೆ ತಲೆಯೇ ಹಾಕಿರಲಿಲ್ಲ. ಅಷ್ಟರಮಟ್ಟಿಗೆ ನನ್ನ ಗಾದೆ ಸರಿ. ಗೆಜ್ಜೆ ಮನೆಯಲ್ಲಿ ಬಿಟ್ಟು ಬಂದು ಕುಣಿಯಲು ನಿಂತಿದ್ದ.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಜೂನ್ 26ರ ಅದೇ ತಿದ್ದುಪಡಿಯಲ್ಲಿ ಕಂಪನಿ ಆಶೀರ್ವಾದದ ಲೆಕ್ಕವನ್ನೇ ಬದಲಿಸಿತು. ಮೊದಲ ಅರ್ಧ ಮೆಟ್ಟಿಲುಗಳಲ್ಲಿ ಬಲ ಬೇಗ ಏರುವಂತೆ, ಉಳಿದ ಅರ್ಧದಲ್ಲಿ ನಿಧಾನಕ್ಕೆ ಏರುವಂತೆ ಮಾಡಿತು. ಕೊನೆಯ ಮೆಟ್ಟಿಲಿಗೂ ಚೂರು ಬಲ ಕೂಡಿಸಿತು. ಇದರ ಅರ್ಥ ಇಷ್ಟೇ: ಹೊಸದಾಗಿ ಒಳಗೆ ಬಂದವನಿಗೆ ಶುರುವಿನಲ್ಲಿ ಸಿಗುತ್ತಿದ್ದ ಬಲ ಸಾಲುತ್ತಿರಲಿಲ್ಲ ಅಂತ ಕಟ್ಟಿದವರೇ ಒಪ್ಪಿಕೊಂಡರು.

ಹಿಂದೆ ನೆನಪಿಡಿ ಅಂದಿದ್ದೆನಲ್ಲ? ಒಳಗೆ ಬಂದವರೆಲ್ಲ ಮೋಗ್‌ನನ್ನು ಸೋಲಿಸಿಯೇ ಬಂದವರು. ಕುಣಿಯಲು ಬಾರದವರಿಗೆ ಆ ಬಾಗಿಲು ತೆರೆಯುವುದೇ ಇಲ್ಲ. ಅಂಥವರು ಲಕ್ಷಗಟ್ಟಲೆ ಜನ ಒಂದೇ ಜಾಗದಲ್ಲಿ ಎಡವುತ್ತಿದ್ದಾರೆ ಅಂದರೆ, ಒಮ್ಮೆ ಬಗ್ಗಿ ನೆಲ ನೋಡಬೇಕು.

ಮೂರನೇ ದೂರು: ಕಾಣುತ್ತಿಲ್ಲ

ವಿಸ್ತರಣೆಯ ಕೊನೆಗೆ ಬರುವ ರಾಕ್ಷಸನ ಬಗ್ಗೆ ದೂರು ಇನ್ನೂ ನಿಖರವಾಗಿತ್ತು. ಅವನ ಏಟುಗಳಿಗೆ ಬಿಡುವೇ ಇಲ್ಲ. ಎರಡನೇ ಹಂತದಲ್ಲಿ ಬೆಳಕು ಚಿಮ್ಮಿ ಪರದೆ ತುಂಬಿಹೋಗುತ್ತದೆ, ಯಾವ ಕಡೆಯಿಂದ ಏಟು ಬಂತು ಅಂತ ಕಾಣುವುದಿಲ್ಲ. ಕಷ್ಟ ಇರಲಿ, ಕಂಡರೆ ತಾನೇ ಕಲಿಯುವುದು ಅಂದರು.

ಇದಕ್ಕೂ ಮೊದಲು ಬಂದ ಉತ್ತರ ಅದೇ. 'ಗಿಟ್ ಗುಡ್' ಅಂತ ಒಂದು ಮಾತಿದೆ ಆಟದವರಲ್ಲಿ. ಮೊದಲು ಆಡೋದು ಕಲಿ, ಆಮೇಲೆ ಮಾತಾಡು ಅಂತ ಅರ್ಥ. ನಮ್ಮ ಗಾದೆಯ ತಮ್ಮ ಅನ್ನಬಹುದು.

ಸೆಪ್ಟೆಂಬರ್‌ನಲ್ಲಿ ಇನ್ನೊಂದು ತಿದ್ದುಪಡಿ ಬಂತು. ಆ ಕೊನೆಯ ರಾಕ್ಷಸನ ಶುರುವಿನ ನಡೆ ಬದಲಾಯಿತು. ಕೆಲವು ಏಟುಗಳ ಹಾನಿ ಕಡಿಮೆಯಾಯಿತು. ಕೆಲವು ಏಟುಗಳು ಮೊದಲಿಗಿಂತ ಚೆನ್ನಾಗಿ ಕಾಣುವಂತೆ ಮಾಡಿದರು. ಕಾಣುವಂತೆ! ಆಟಗಾರರು ಯಾವ ಪದ ಬಳಸಿ ದೂರಿದ್ದರೋ ಅದೇ ಪದಕ್ಕೆ ಉತ್ತರ ಬಂತು. ಅತ್ತು ಕರೆದವರ ದೂರಿಗಿಂತ, ಎಲ್ಲಿ ಏನು ಕೆಟ್ಟಿದೆ ಅಂತ ಹೇಳಿದವರ ದೂರಿಗೆ ತೂಕ ಹೆಚ್ಚು. ಈ ಮಾತನ್ನು ಕೊನೆಗೆ ಮತ್ತೆ ಹೇಳುತ್ತೇನೆ.

ಹಾಗಾದರೆ ವಿಮರ್ಶಕರು ಸುಳ್ಳು ಬರೆದರೇ?

ನನಗೆ ಹಾಗೆ ಅನ್ನಿಸುವುದಿಲ್ಲ. ಆಟ ಚೆನ್ನಾಗಿಯೇ ಇತ್ತು. ಆ ಲೋಕದ ಹರವು, ಮೂಲೆ ಮೂಲೆಯಲ್ಲೂ ಹುಡುಕುವ ಖುಷಿ, ಅದರ ಚಿತ್ರ, ಇದನ್ನೆಲ್ಲ ಬೈದವರೂ ಹೊಗಳಿದರು. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಪ್ರಶಸ್ತಿಗೆ ಇದರ ಹೆಸರು ಬಂದಾಗ, ಪೂರ್ತಿ ಆಟಗಳ ಸಾಲಿನಲ್ಲಿ ಬರೀ ವಿಸ್ತರಣೆ ಯಾಕೆ ಅಂತ ಬೇರೆಯೇ ಜಗಳವಾಯಿತು. ಗೆದ್ದದ್ದು ಆಸ್ಟ್ರೋ ಬಾಟ್, ಅದು ಬೇರೆ ಮಾತು. ಸ್ಟೀಮ್‌ನಲ್ಲಿಯೂ ಮೆಚ್ಚಿದವರ ಪಾಲು ಮುಂದೆ ಏರಿತು.

ವಿಮರ್ಶಕರ ತೊಂದರೆ ಸುಳ್ಳಿನದ್ದಲ್ಲ, ಜಾಗದ್ದು. ಅವರಿಗೆ ಆಟ ಮೊದಲೇ ಸಿಗುತ್ತದೆ, ಕೈಯಿಂದ ದುಡ್ಡು ಹೋಗುವುದಿಲ್ಲ. ಈ ಕಂಪನಿಯ ಆಟ ವಿಮರ್ಶಿಸಲು ಪತ್ರಿಕೆಯವರು ಸಾಮಾನ್ಯವಾಗಿ ಇಂಥ ಆಟದಲ್ಲಿ ಪಳಗಿದವರನ್ನೇ ಕೂರಿಸುತ್ತಾರೆ. ಹಗಲು ರಾತ್ರಿ ಆಡುವುದೇ ಅವರ ಕೆಲಸ. ವಾರಕ್ಕೆ ಎರಡು ರಾತ್ರಿ ಬಿಡುವು ಸಿಗುವವನ ಕಣ್ಣಿನಿಂದ ಅವರು ನೋಡುವುದು ಕಷ್ಟ.

ಕುಣಿದ ನೆಲವೇ ಬೇರೆಯಾದರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಆಟದ ಉದಾಹರಣೆ ಸಾಕು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಮಾಡಿದ ಸೈಬರ್‌ಪಂಕ್ 2077, 2020ರ ಡಿಸೆಂಬರ್‌ನಲ್ಲಿ ಬಂತು. ಬಿಡುಗಡೆಗೆ ಮೊದಲು ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನ ಆವೃತ್ತಿ ಮಾತ್ರ. ಅವರು ಹೊಗಳಿದರು, ಅಂಕ 90ರ ಸುತ್ತ ಬಂತು. ಆದರೆ ಹಳೆಯ ಪ್ಲೇಸ್ಟೇಷನ್ 4ರಲ್ಲಿ ಕೊಂಡವರಿಗೆ ಆಟ ಓಡಲೇ ಇಲ್ಲ ಅನ್ನುವಷ್ಟು ಕೆಟ್ಟಿತ್ತು. ಒಂದೇ ವಾರದಲ್ಲಿ ಸೋನಿ ತನ್ನ ಅಂಗಡಿಯಿಂದ ಆಟವನ್ನೇ ತೆಗೆದು ದುಡ್ಡು ವಾಪಸ್ ಕೊಡಲು ಶುರು ಮಾಡಿತು. ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. ವಿಮರ್ಶಕರು ಕಂಡದ್ದನ್ನೇ ಬರೆದಿದ್ದರು. ಅವರಿಗೆ ತೋರಿಸಿದ ನೆಲ ಸಪಾಟಾಗಿತ್ತು ಅಷ್ಟೇ.

ಆ ಕಥೆಗೆ ಒಳ್ಳೆಯ ಕೊನೆಯೂ ಇದೆ. ಆ ಕಂಪನಿ ಮೂರು ವರ್ಷ ಕೂತು ರಿಪೇರಿ ಮಾಡಿತು. 2023ರ ಸೆಪ್ಟೆಂಬರ್‌ನಲ್ಲಿ ಇಡೀ ಆಟವನ್ನು ತಿದ್ದಿ ಪುಕ್ಕಟೆ ಕೊಟ್ಟು, ಅದರ ಬೆನ್ನಿಗೇ 'ಫ್ಯಾಂಟಮ್ ಲಿಬರ್ಟಿ' ಎಂಬ ವಿಸ್ತರಣೆ ಬಿಟ್ಟಿತು. ಆಗ ವಿಮರ್ಶಕರೂ ಆಟಗಾರರೂ ಒಟ್ಟಿಗೆ ಮೆಚ್ಚಿದರು. ದೂರನ್ನು ದೂರಾಗಿ ಕೇಳಿಸಿಕೊಂಡವರಿಗೆ ಹೋದ ಮಾನ ವಾಪಸ್ ಬರುತ್ತದೆ.

ಎಲ್ಲ ದೂರಿಗೂ ಬಾಗಬೇಕೆ?

ಬಾಗಬಾರದು. ಇದನ್ನೂ ಹೇಳದಿದ್ದರೆ ನನ್ನ ಮಾತು ಒಂದು ಕಾಲಿನದ್ದಾಗುತ್ತದೆ.

ವಿಸ್ತರಣೆ ಬರುವ ಹೊತ್ತಿಗೆ ಮಿಯಾಜಾಕಿ ಸಂದರ್ಶನದಲ್ಲಿ ಒಂದು ಮಾತು ಹೇಳಿದ್ದರು. ಎಲ್ಲರೂ ಆಡಲಿ ಅಂತ ಕಷ್ಟವನ್ನು ಇಳಿಸುತ್ತ ಹೋಗಬಹುದಿತ್ತು, ಆದರೆ ಅಡ್ಡಿ ದಾಟಿದಾಗ ಸಿಗುವ ಸಾಧನೆಯ ಖುಷಿಯೇ ಈ ಆಟದ ಜೀವ, ಅದನ್ನು ತೆಗೆದರೆ ಆಟವೇ ಉಳಿಯುವುದಿಲ್ಲ ಅನ್ನುವುದು ಅವರ ವಾದ. ನನಗೆ ಈ ವಾದ ಒಪ್ಪಿಗೆ. ಕಬಡ್ಡಿಯಲ್ಲಿ ಎದುರಾಳಿ ಸುಮ್ಮನೆ ಬಿಟ್ಟುಕೊಟ್ಟರೆ ಗೆದ್ದವನಿಗೆ ಏನು ಖುಷಿ?

ಅವರ ಹಿಂದಿನ ಕಥೆಯೂ ಇದನ್ನೇ ಹೇಳುತ್ತದೆ. 2009ರಲ್ಲಿ ಅವರು ಡೀಮನ್ಸ್ ಸೋಲ್ಸ್ ಮಾಡಿದಾಗ, ದುಡ್ಡು ಹಾಕಿದ ಸೋನಿಯ ದೊಡ್ಡವರೊಬ್ಬರು ಸ್ವಲ್ಪ ಹೊತ್ತು ಆಡಿ ಇದು ತೀರಾ ಕೆಟ್ಟ ಆಟ ಅಂದುಕೊಂಡಿದ್ದರು. ಅದನ್ನು ಅವರೇ ಆಮೇಲೆ ಒಪ್ಪಿಕೊಂಡರು. ಅಮೆರಿಕದಲ್ಲಿ ಬಿಡುಗಡೆ ಮಾಡಲು ಸೋನಿ ಮುಂದೆ ಬರಲಿಲ್ಲ, ಅಲ್ಲಿ ಬೇರೆ ಕಂಪನಿ ಮಾರಿತು. ಆ ಆಟವೇ ಮುಂದೆ ಎಲ್ಡನ್ ರಿಂಗ್‌ವರೆಗಿನ ದಾರಿಗೆ ಮೊದಲ ಕಲ್ಲಾಯಿತು. ಅಲ್ಲಿ ನೆಲ ಸರಿ ಇತ್ತು, ನೋಡಿದವರಿಗೆ ತಾಳ್ಮೆ ಇರಲಿಲ್ಲ.

ಅಂದರೆ ಕಷ್ಟ ಬೇರೆ, ಕೆಡುಕು ಬೇರೆ. ರಾಕ್ಷಸ ಬಲಶಾಲಿ ಅನ್ನುವುದು ಕಷ್ಟ. ಅವನ ಏಟೇ ಕಾಣದಿರುವುದು ಕೆಡುಕು. ಚೂರು ಹುಡುಕಬೇಕು ಅನ್ನುವುದು ಕಷ್ಟ. ಕೇಳದೆ ಚಾಲೂ ಆಗುವ ಸೌಲಭ್ಯ ಕೆಡುಕು. ಕಷ್ಟವನ್ನು ದೂರಿದವನಿಗೆ ತಾಳ್ಮೆ ಹೇಳಬಹುದು. ಕೆಡುಕನ್ನು ದೂರಿದವನಿಗೆ ಅದನ್ನೇ ಹೇಳಿದರೆ ಅದು ಅನ್ಯಾಯ. ಎರಡನ್ನೂ ಬೇರೆ ಮಾಡುವುದು ಕೇಳಿಸಿಕೊಳ್ಳುವವನ ಕೆಲಸ. ಗಾದೆ ಹೇಳಿ ಫೋನ್ ಇಟ್ಟರೆ ಆ ಕೆಲಸ ಆಗುವುದಿಲ್ಲ.

ನನ್ನ ತಪ್ಪು

ಇಷ್ಟು ಬರೆದ ಮೇಲೆ ನನ್ನ ಒಂದು ಹಳೆಯ ತಪ್ಪನ್ನೂ ಹೇಳಬೇಕು. ಹುಡುಗನ ಮೆಸೇಜ್ ಓದಿದಾಗ ಮೊದಲು ನೆನಪಾದದ್ದು ಅದೇ.

ಕೆಲವು ವರ್ಷದ ಹಿಂದೆ ಒಂದು ಊರಿನ ನ್ಯಾಯಬೆಲೆ ಅಂಗಡಿ ಮುಂದೆ ಜನ ಸೇರಿದ್ದರು. ಹೆಬ್ಬೆಟ್ಟು ಒತ್ತುವ ಯಂತ್ರ ಕೆಲವರ ಬೆರಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಒಬ್ಬ ಅಜ್ಜಿ ನಾಲ್ಕನೇ ಸಲ ಬಂದಿದ್ದಳು. "ಸರಿಯಾಗಿ ಒತ್ತಬೇ ಯಮ್ಮಾ" ಅಂತ ಅಂಗಡಿಯವನು. ಅಜ್ಜಿ ನನ್ನ ಕಡೆ ತಿರುಗಿ, "ಯಪ್ಪಾ, ನನ್ನ ಹೆಬ್ಬಟ್ಟು ಸರಿ ಐತಿ. ಡಬ್ಬಿನೇ ಕುರುಡಾಗೈತಿ" ಅಂದಳು.

ನಾನು ಬರೆದ ಸುದ್ದಿಯ ತಲೆಬರಹ: 'ಯಂತ್ರ ಬಳಕೆ ತಿಳಿಯದೆ ವೃದ್ಧರ ಪರದಾಟ'. ಅಜ್ಜಿ ಹೇಳಿದ್ದನ್ನು ನಾನು ಬರೆಯಲಿಲ್ಲ. ಅಂಗಡಿಯವನು ಹೇಳಿದ್ದೇ ನನಗೆ ಸುದ್ದಿಯಾಗಿ ಕಂಡಿತು. ವಯಸ್ಸಾದವರು, ಹೊಲದ ಕೆಲಸ, ಬೆರಳು ಸವೆದಿರುತ್ತದೆ, ಯಂತ್ರ ಗೊತ್ತಿರುವುದಿಲ್ಲ. ಕುಣಿಯಲು ಬಾರದವರು.

ಮುಂದಿನ ತಿಂಗಳು ಯಂತ್ರ ಬದಲಾಯಿತು. ಅಜ್ಜಿಯ ಬೆರಳು ಮೊದಲನೇ ಸಲಕ್ಕೇ ಹಿಡಿಯಿತು. ಯಾರೂ ಅವಳಿಗೆ ಹೊಸದಾಗಿ ಒತ್ತಲು ಕಲಿಸಿರಲಿಲ್ಲ. ದಾರಿಯಲ್ಲಿ ಸಿಕ್ಕಾಗ "ಡಬ್ಬಿಗೆ ಕಣ್ಣು ಬಂತು ನೋಡಪ್ಪಾ" ಅಂತ ನಕ್ಕಳು. ಒಂದು ತಿಂಗಳ ಅಕ್ಕಿ ಹೋಗಿತ್ತು. ನಾನು ಆ ಸುದ್ದಿಗೆ ತಿದ್ದುಪಡಿ ಬರೆಯಲಿಲ್ಲ. ಐದು ದಿನದಲ್ಲಿ ತಿದ್ದಿಕೊಂಡ ಆ ಜಪಾನಿನ ಕಂಪನಿ ನನಗಿಂತ ವಾಸಿ.

ಆಟ ಸೋತರೆ ಹೋಗುವುದು ಎರಡು ರಾತ್ರಿ, ಅಕ್ಕಿ ತಪ್ಪಿದರೆ ಹೋಗುವುದು ಒಂದು ತಿಂಗಳ ಊಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ದೂರು ಹೇಳಿದವನಿಗೆ ಎರಡೂ ಕಡೆ ಸಿಕ್ಕ ಉತ್ತರ ಒಂದೇ: ನಿನಗೇ ಬರುವುದಿಲ್ಲ. ಈ ಉತ್ತರದಲ್ಲಿ ಒಂದು ಸೌಕರ್ಯ ಇದೆ. ಇದನ್ನು ಹೇಳಿದವನು ಬಗ್ಗಿ ನೆಲ ನೋಡಬೇಕಾಗಿಲ್ಲ.

ನಮ್ಮ ಊರ ಕಟ್ಟೆಯ ಮೇಲೆ ಫೋನ್ ಹಿಡಿದು ಆಡುವ ಹುಡುಗರೂ ಈಗ 'ನೂಬ್' ಅಂತ ಒಬ್ಬರನ್ನೊಬ್ಬರು ಬೈಯುತ್ತಾರೆ. ಸೋತವನು ನೆಟ್‌ವರ್ಕ್ ಇಲ್ಲ ಅಂದರೆ ನಗುತ್ತಾರೆ. ಒಮ್ಮೊಮ್ಮೆ ಅವನು ನೆಪ ಹೇಳುತ್ತಿರುತ್ತಾನೆ. ಒಮ್ಮೊಮ್ಮೆ ನೆಟ್‌ವರ್ಕ್ ನಿಜಕ್ಕೂ ಇರುವುದಿಲ್ಲ. ನಗುವ ಮೊದಲು ಅವನ ಫೋನ್ ಒಮ್ಮೆ ಇಸಿದುಕೊಂಡು ನೋಡಿ.

ನೀವು ಆಟಕ್ಕೋ, ಆಪಿಗೋ, ಅಂಗಡಿಯ ಸಾಮಾನಿಗೋ ಅಭಿಪ್ರಾಯ ಬರೆಯುವಾಗ ಬರೀ ಒಂದು ಸ್ಟಾರ್ ಒತ್ತಿ ಬಿಡಬೇಡಿ. ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ, ಯಾವ ಫೋನಿನಲ್ಲಿ ಕೆಟ್ಟಿದೆ ಅಂತ ಎರಡು ಸಾಲು ಬರೆಯಿರಿ. ಬೇರೆಯವರ ಅಂಕ ನೋಡಿ ಕೊಳ್ಳುವಾಗಲೂ ಅಂಕ ಬಿಟ್ಟು ಆ ಎರಡು ಸಾಲು ಓದಿ.

ಅಕ್ಕನ ಮಗ ಚೂರುಗಳನ್ನು ಹುಡುಕಿ, ತಿದ್ದಿದ ನೆಲದ ಮೇಲೆ ನಿಂತು, ಆ ರಾಕ್ಷಸನನ್ನು ಕೊನೆಗೂ ಸೋಲಿಸಿದ. ಆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಮಾಮಾ, ಕುಣದೆ!" ಅಂತ ಕೂಗಿದ. ಈ ಸಲ ನಾನು ಗಾದೆ ಹೇಳಲಿಲ್ಲ. ಹೆಂಗ ಗೆದ್ದಿ, ಪೂರಾ ಹೇಳು ಅಂದೆ. ಮುಕ್ಕಾಲು ಗಂಟೆ ಹೇಳಿದ.